ಆರು ಹಳೇ ಡಿಸ್ಕು, ಒಂದು ಲಗ್ನಪತ್ರಿಕೆ

ಕುರುಗೋಡು ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ಅಣ್ಣನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಪ್ಲಾಸ್ಟಿಕ್ ಕವರಿನೊಳಗಿಂದ ಒಂದು ಲಗ್ನಪತ್ರಿಕೆ ತೆಗೆದರು. 2008ರದ್ದು. ನಾಲ್ಕು ಮೂಲೆಗೆ ಹಚ್ಚಿದ್ದ ಅರಿಶಿಣ ಇನ್ನೂ ಹಾಗೇ ಇತ್ತು.

"ದೊಡ್ಡಾಕಿ ಮದುವಿಗೆ ನೀವೇ ಮಾಡಿಕೊಟ್ಟಿದ್ರಿ. ಈಗ ಸಣ್ಣಾಕಿದು. ಇದೇ ತರ ಬೇಕು ನೋಡ್ರಿ. ಇದೇ ಗಣಪತಿ, ಇದೇ ಅಕ್ಷರ. ಹೆಸರು ಅಷ್ಟೇ ಬದ್ಲಿ ಮಾಡ್ರಿ."

ಅಣ್ಣ "ಐತೆ ಬಿಡ್ರಿ, ಕಂಪ್ಯೂಟರ್‌ನಾಗೆ ಇರ್ತದೆ, ಎಲ್ಲಿಗೆ ಹೋಗ್ತದೆ" ಅಂತ ಅಂದುಬಿಟ್ಟ. ಅಂದವನು ನನ್ನ ಕಡೆ ನೋಡಿದ. ನಾನು ಅಟ್ಟದ ಕಡೆ ನೋಡಿದೆ. ಅಲ್ಲಿ ಒಂದು ರಟ್ಟಿನ ಡಬ್ಬಿ ಇದೆ. ಅಂಗಡಿಯಲ್ಲಿ ಕಂಪ್ಯೂಟರ್ ಬದಲಾದಾಗೆಲ್ಲ ಹಳೆಯದರ ಹಾರ್ಡ್ ಡಿಸ್ಕ್ ಬಿಚ್ಚಿ ಅದರೊಳಗೆ ಹಾಕಿ "ಆಮೇಲೆ ನೋಡೋಣ" ಅಂದುಕೊಂಡಿದ್ದು. ಆ "ಆಮೇಲೆ" ಬರೋಕೆ ಹದಿನೈದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ನನ್ನ ವಿಷಯ ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ. ಹಗಲು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಅಣ್ಣನ ಡಿಟಿಪಿ ಅಂಗಡಿಯಲ್ಲಿ ಕೂರುತ್ತೇನೆ, ಕಂಪ್ಯೂಟರ್ ಬಿಚ್ಚಿ ಜೋಡಿಸುವ ಹುಚ್ಚು ಮೊದಲಿಂದಲೂ ಇದೆ. ಮನೆಯಲ್ಲೇ ಒಂದು ಸ್ಟೋರೇಜ್ ಸರ್ವರ್ ಮಾಡಬೇಕು, ಅಂಗಡಿ ಕಂಪ್ಯೂಟರ್, ಲ್ಯಾಪ್‌ಟಾಪ್, ಎಲ್ಲರ ಫೋನು ಎಲ್ಲವೂ ಅಲ್ಲಿಗೇ ಫೈಲ್ ಹಾಕಬೇಕು ಅನ್ನೋ ಆಸೆ ಎಷ್ಟೋ ದಿನದ್ದು. ದುಡ್ಡು ಖರ್ಚು ಮಾಡೋಕೆ ಮಾತ್ರ ಮನಸ್ಸಿರಲಿಲ್ಲ. ಡಬ್ಬಿ ತುಂಬ ಡಿಸ್ಕ್ ಇರುವಾಗ ಹೊಸದು ಯಾಕೆ, ಅಲ್ವಾ?

ಅವತ್ತು ರಾತ್ರಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಮೇಲೆಲ್ಲ ನಮ್ಮೂರಿನ ಕೆಂಪು ಧೂಳು. ಒಟ್ಟು ಆರು ಸಿಕ್ಕವು. 80 ಜಿಬಿಯ ಒಂದು ಮುದಿ ಡಿಸ್ಕು, ಅಗಲ ಪಟ್ಟಿಯಂಥ ಕೇಬಲ್ ಬೇಡುವ ಐಡಿಇ ಕಾಲದ್ದು. ಲ್ಯಾಪ್‌ಟಾಪಿನಿಂದ ಬಿಚ್ಚಿದ 320 ಜಿಬಿ. 2010ರ 500 ಜಿಬಿ. 2012ರ ಶುರುವಿನಲ್ಲಿ ತಂದ 1 ಟಿಬಿ. ಇದನ್ನು ನೋಡಿದಾಗೆಲ್ಲ ಅಣ್ಣ ಇವತ್ತಿಗೂ ಬೈಯುತ್ತಾನೆ. 2011ರ ಕೊನೆಗೆ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಅಲ್ಲಿನ ಡಿಸ್ಕ್ ಕಾರ್ಖಾನೆಗಳು ಮುಳುಗಿದ್ದವು, ಜಗತ್ತಿನಲ್ಲೆಲ್ಲ ರೇಟು ಏರಿತ್ತು, ನಾವು ಸರಿಯಾಗಿ ಆಗಲೇ ಹೋಗಿ ಕೊಂಡಿದ್ದೆವು. ಆಮೇಲೆ ಅಂಗಡಿಯ ಸಿಸಿ ಕ್ಯಾಮೆರಾದ ಡಿವಿಆರ್‌ನಿಂದ ತೆಗೆದ ಇನ್ನೊಂದು 1 ಟಿಬಿ. ಕೊನೆಗೆ ಒಂದು 2 ಟಿಬಿ ಯುಎಸ್‌ಬಿ ಡಿಸ್ಕು, ಅಂಗೈಯಷ್ಟು ದೊಡ್ಡದು.

ಕೂಡಿಸಿದೆ. 4,900 ಜಿಬಿ! ಹತ್ತಿರ ಹತ್ತಿರ 5 ಟಿಬಿ ಪುಕ್ಕಟೆ! (ವಿಂಡೋಸ್ ಮಾತ್ರ ಇದನ್ನೇ 4.45 ಅಂತ ತೋರಿಸುತ್ತದೆ. ಡಿಸ್ಕ್ ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಸಂತೆಯಲ್ಲಿ ಸೇರು ಅಳೆಯುವಾಗ ನಡೆಯುವ ಜಗಳದಂತೆಯೇ ಇದೂ.) ಕಾಗದದ ಮೇಲೆ ಒಂದು ದೊಡ್ಡ ಪೆಟ್ಟಿಗೆ ಬರೆದು, ಒಳಗೆ ಆರು ಸಣ್ಣ ಪೆಟ್ಟಿಗೆ ಬರೆದು, ಕೆಳಗೆ "5 ಟಿಬಿ" ಅಂತ ಗೆರೆ ಎಳೆದೆ. ಅವತ್ತು ಚೆನ್ನಾಗಿ ನಿದ್ದೆ ಬಂತು.

ಮಾರನೇ ದಿನದಿಂದ ಒಂದೊಂದೇ ಹೊಡೆದು ಹಾಕುತ್ತಾ ಬಂದೆ.

ಹಳೇ ಡಿಸ್ಕ್ ತಗೊಂಡಾಗ ಮೊದಲು ಮಾಡಬೇಕಾದ್ದು ಅದರ ಜಾತಕ ಓದೋದು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತಿರುತ್ತದೆ, ಅದಕ್ಕೆ ಸ್ಮಾರ್ಟ್ ಅಂತ ಹೆಸರು. ಲಿನಕ್ಸಿನಲ್ಲಿ ಸ್ಮಾರ್ಟ್‌ಸಿಟಿಎಲ್ ಅನ್ನೋ ಕಮಾಂಡ್ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ನಾನು ಅದರಲ್ಲಿ ನೋಡೋದು ನಾಲ್ಕೇ ಸಾಲು. 9ನೇ ನಂಬರಿನದು ಒಟ್ಟು ಎಷ್ಟು ಗಂಟೆ ಓಡಿದೆ ಅನ್ನೋದು. 5ನೇದು ಎಷ್ಟು ಸೆಕ್ಟರ್ (ಡೇಟಾ ಬರೆಯುವ ಸಣ್ಣ ತುಂಡು) ಕೆಟ್ಟು ಅವುಗಳ ಬದಲಿಗೆ ಮೀಸಲಿನಿಂದ ಬೇರೆಯವನ್ನು ಕೊಟ್ಟಿದೆ ಅನ್ನೋದು. 197 ಅಂದರೆ ಓದೋಕೆ ಬರದೆ, ಕೆಟ್ಟಿದೆಯೋ ಇಲ್ಲವೋ ಇನ್ನೂ ತೀರ್ಮಾನವಾಗದೆ ಕಾಯುತ್ತಿರುವ ಸೆಕ್ಟರ್‌ಗಳು. 199 ಬರೀ ದಾರಿಯ ತೊಂದರೆ, ಅಂದರೆ ಡಿಸ್ಕಿನಿಂದ ಬೋರ್ಡಿಗೆ ಬರುವಾಗ ಡೇಟಾ ಹಾಳಾಗಿದ್ದರ ಎಣಿಕೆ.

500 ಜಿಬಿ ಡಿಸ್ಕಿನಲ್ಲಿ 199 ಏರುತ್ತಾ ಇತ್ತು. ಅಯ್ಯೋ, ಇದೂ ಹೋಯಿತು ಅಂದುಕೊಂಡೆ. ಆದರೆ 5 ಮತ್ತು 197 ಎರಡೂ ಸೊನ್ನೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಾಯಿಸಿದೆ, ಎಣಿಕೆ ನಿಂತುಹೋಯಿತು. ತಪ್ಪು ಪೂರ್ತಿ ಆ ಕೆಂಪು ಕೇಬಲ್ಲಿನದು. ಇಷ್ಟು ಸಣ್ಣ ವಿಷಯಕ್ಕೆ ಒಳ್ಳೇ ಡಿಸ್ಕನ್ನು ಗುಜರಿಗೆ ಹಾಕಿದವರು ಎಷ್ಟು ಜನವೋ.

ಡಿವಿಆರ್ ಡಿಸ್ಕಿನ ಗಂಟೆ ನೋಡಿ ಎದೆ ಝಲ್ಲೆಂದಿತು. 47,300. ವರ್ಷಕ್ಕೆ 8,760 ಗಂಟೆ, ಅಂದರೆ ಐದು ವರ್ಷಕ್ಕೂ ಮೇಲೆ ಹಗಲು ರಾತ್ರಿ ಒಂದೇ ಸಮನೆ ತಿರುಗಿದೆ. ಅಂಗಡಿ ಕಂಪ್ಯೂಟರಿನ 500 ಜಿಬಿ ಓಡಿದ್ದು 19,000 ಗಂಟೆ ಅಷ್ಟೇ. ಆದರೂ ಡಿವಿಆರ್‌ನದರಲ್ಲಿ ಒಂದು ಕೆಟ್ಟ ಸೆಕ್ಟರ್ ಇಲ್ಲ. ಅದು ದಿನವಿಡೀ ಬರೆಯೋಕೆ ಅಂತಲೇ ಮಾಡಿದ ಜಾತಿ. ಕಡಿಮೆ ಓಡಿದ್ದ ದುಬಾರಿ 2012ರ ಡಿಸ್ಕಿನಲ್ಲಿ 197ನೇ ಸಾಲು 16 ತೋರಿಸಿತು. ವಯಸ್ಸು ನೋಡಿ ಆರೋಗ್ಯ ಹೇಳೋಕೆ ಆಗಲ್ಲ. ನಮ್ಮ ಓಣಿಯಲ್ಲೂ ಹಾಗೇ, ಎಂಬತ್ತರ ಅಜ್ಜ ಬೆಳಗ್ಗೆ ಕೋಟೆ ಗುಡ್ಡ ಹತ್ತಿ ಇಳಿಯುತ್ತಾರೆ, ನಲವತ್ತರ ನಾನು ಅಂಗಡಿ ಮೆಟ್ಟಿಲಿಗೇ ಏದುಸಿರು ಬಿಡುತ್ತೇನೆ.

320 ಜಿಬಿಯದು ಕರೆಂಟ್ ಕೊಟ್ಟ ಕೂಡಲೇ ಟಿಕ್, ಟಿಕ್, ಟಿಕ್ ಅಂದು ನಿಂತಿತು. ಗೆಳೆಯನೊಬ್ಬ "ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಡು, ಸರಿ ಹೋಗ್ತದೆ" ಅಂದ. ದಯವಿಟ್ಟು ಇಡಬೇಡಿ. ಹೊರಗೆ ತೆಗೆದ ಕೂಡಲೇ ಒಳಗೆ ನೀರಿನ ಪಸೆ ಕೂರುತ್ತದೆ, ಉಳಿದಿದ್ದೂ ಹೋಗುತ್ತದೆ. ನನಗೆ ಅದರಲ್ಲಿ ಬೇಕಾದ್ದು ಏನೂ ಇರಲಿಲ್ಲ, ಹಾಗಾಗಿ ಬಿಚ್ಚಿಯೇ ನೋಡಿದೆ. ಒಳಗಿನ ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅತ್ತಿಗೆ ಅದನ್ನು ಎತ್ತಿಕೊಂಡು ಮುಖ ನೋಡಿ, ಕುಂಕುಮ ಸರಿ ಮಾಡಿಕೊಂಡು, "ಇದು ಚೊಲೋ ಐತಲ್ಲ, ನನಗಿರ್ಲಿ" ಅಂದರು. ಈಗ ಅದು ಅಡುಗೆಮನೆ ಗೂಡಿನಲ್ಲಿದೆ. 1956ರಲ್ಲಿ ಐಬಿಎಂನವರು ಮಾಡಿದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಇಂಥ ತಟ್ಟೆ 50 ಇದ್ದವು, ಒಂದೊಂದೂ ಎರಡು ಅಡಿ ಅಗಲ. ಎಲ್ಲ ಸೇರಿ ಹಿಡಿಸುತ್ತಿದ್ದದ್ದು ಸುಮಾರು 5 ಎಂಬಿ. ಈಗಿನ ಮದುವೆ ಕ್ಯಾಮೆರಾದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸೋದು ಕಷ್ಟ.

ಉಳಿದವಕ್ಕೆ ಪೂರ್ತಿ ಪರೀಕ್ಷೆ. ಬ್ಯಾಡ್‌ಬ್ಲಾಕ್ಸ್ ಅನ್ನೋ ಪ್ರೋಗ್ರಾಂ ಇಡೀ ಡಿಸ್ಕನ್ನು ನಾಲ್ಕು ಸಲ ಬರೆದು, ನಾಲ್ಕು ಸಲ ಓದುತ್ತದೆ. ಸೆಕೆಂಡಿಗೆ 100 ಎಂಬಿ ಅಂತ ಹಿಡಿದರೂ 1 ಟಿಬಿಯನ್ನು ಒಂದು ಸಲ ದಾಟೋಕೆ ಎರಡೂಮುಕ್ಕಾಲು ಗಂಟೆ ಬೇಕು, ಎಂಟು ಸಲಕ್ಕೆ 22 ಗಂಟೆ. ಇದರಲ್ಲಿ ಇದ್ದಿದ್ದೆಲ್ಲ ಅಳಿಸಿ ಹೋಗುತ್ತದೆ, ಮೊದಲು ಬೇಕಾದ್ದನ್ನು ಬೇರೆ ಕಡೆ ತೆಗೆದಿಟ್ಟುಕೊಂಡೇ ಮಾಡಬೇಕು. ನನ್ನದು 19ನೇ ಗಂಟೆಯಲ್ಲಿ ಕರೆಂಟ್ ಹೋಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ ನೋಡಿ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್, ಅದು ನಾರ್ಮಲ್ ಕಡೆ ಇತ್ತು. ಫ್ಯಾನಿಗೆ ಗೊತ್ತಾಗಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿಬಿಡುತ್ತದೆ. ಇಷ್ಟು ವರ್ಷ ಆ ಸ್ವಿಚ್ಚಿನ ಕಡೆ ಯಾರೂ ನೋಡಿರಲೇ ಇಲ್ಲ. ಯುಪಿಎಸ್ ಕಡೆ ತಳ್ಳಿ, ಮೊದಲಿಂದ ಶುರು ಮಾಡಿದೆ.

ಈಗ ಎಲ್ಲರೂ ಹೇಳುವ ರೈಡ್ ವಿಷಯ, ಅಂದರೆ ಹಲವು ಡಿಸ್ಕನ್ನು ಒಂದೇ ಗುಂಪಾಗಿ ಕಟ್ಟೋದು. ನನ್ನ ಕಾಗದದ ದೊಡ್ಡ ಪೆಟ್ಟಿಗೆ ಸತ್ತದ್ದು ಇಲ್ಲಿ.

ಎಲ್ಲ ಡಿಸ್ಕನ್ನೂ ಸಾಲಾಗಿ ಪೋಣಿಸಿ ಒಂದೇ ದೊಡ್ಡ ಡಿಸ್ಕಿನಂತೆ ಕಾಣಿಸೋದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಹಳೇ ಡಿಸ್ಕ್ ಈ ವರ್ಷ ಕೈಕೊಡೋದು ಹತ್ತರಲ್ಲಿ ಒಂದು ಪಾಲು ಅಂತ ಸುಮ್ನೆ ಇಟ್ಟುಕೊಳ್ಳೋಣ. ಅಂಥ ನಾಲ್ಕನ್ನು ಕಟ್ಟಿದರೆ, ಅವುಗಳಲ್ಲಿ ಒಂದಾದರೂ ಹೋಗುವ ಸಾಧ್ಯತೆ ನೂರಕ್ಕೆ 34. ಒಂದು ಹೋದರೆ ಇಡೀ ಗಂಟೇ ಹರಿದಂತೆ. ಜಾಗ ಜಾಸ್ತಿ ಮಾಡೋಕೆ ಹೋಗಿ ಅಪಾಯವನ್ನೂ ಕೂಡಿಸುತ್ತಾ ಹೋಗಿದ್ದೆ.

ಅದಕ್ಕೇ ಪ್ಯಾರಿಟಿ ಬಂದಿದ್ದು, ಅಂದರೆ ಒಂದು ಡಿಸ್ಕ್ ಹೋದರೆ ಅದರಲ್ಲಿದ್ದದ್ದನ್ನು ಲೆಕ್ಕ ಹಾಕಿ ವಾಪಸ್ ಪಡೆಯೋಕೆ ಬರೆದಿಡುವ ಹೆಚ್ಚುವರಿ ಲೆಕ್ಕ. ಅಣ್ಣನಿಗೆ ಇದನ್ನು ಚೀಟಿ ದುಡ್ಡಿನಲ್ಲಿ ಹೇಳಿ ತಿಳಿಸಿದೆ. ಮೂರು ಜನ ಕೊಟ್ಟಿದ್ದು 500, 700, 300. ಕೆಳಗೆ ಒಟ್ಟು 1,500 ಅಂತ ಬರೆದಿದೆ. ನಡುವಿನ ಸಾಲಿನ ಮೇಲೆ ಚಹಾ ಚೆಲ್ಲಿ ಅಳಿಸಿಹೋದರೂ ಅದು 700 ಅಂತ ಕಳೆದು ತಿಳಿಯಬಹುದು. ಎರಡು ಸಾಲು ಅಳಿಸಿದರೆ ಮಾತ್ರ ಒಟ್ಟು ಇದ್ದೂ ಉಪಯೋಗವಿಲ್ಲ. ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, "ಮತ್ತೆ ಒಟ್ಟು ಬರೆದ ಹಾಳೀನೂ ಹಳೇದೇ ಅಲ್ಲೇನು?" ಅಂದ. ಅದೇ ಮಾತು.

ರೈಡ್ ಅನ್ನೋ ಹೆಸರು ಹುಟ್ಟಿದ್ದು 1988ರಲ್ಲಿ, ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಅನ್ನೋ ಮೂವರು ಬರೆದ ಲೇಖನದಿಂದ. ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳ ಗುಂಪು ಅನ್ನೋದು ಅವರ ವಿಚಾರ. ಹೆಸರಿನೊಳಗೇ "ಅಗ್ಗದ" ಅನ್ನೋ ಪದ ಇತ್ತು, ಆಮೇಲೆ ಅದನ್ನು "ಸ್ವತಂತ್ರ" ಅಂತ ಬದಲಾಯಿಸಿಕೊಂಡರು. ಅಗ್ಗದ್ದು ಅಂದರೆ ಅಟ್ಟದ ಮೇಲಿನದು ಅಂತ ಅರ್ಥ ಮಾಡಿಕೊಂಡವನು ನಾನು.

ಇನ್ನೊಂದು ತೊಡಕು, ಪ್ಯಾರಿಟಿ ಇಡುವ ರೈಡ್ 5 ಅನ್ನೋ ಬಗೆಯಲ್ಲಿ ಎಲ್ಲ ಡಿಸ್ಕನ್ನೂ ಅತಿ ಸಣ್ಣದರ ಅಳತೆಗೆ ಕತ್ತರಿಸಿ ಬಳಸುತ್ತಾರೆ. ನನ್ನ 500 ಜಿಬಿ, 1 ಟಿಬಿ, 1 ಟಿಬಿ ಮೂರನ್ನೂ ಹಾಕಿದರೆ ಕೈಗೆ ಬರೋದು 1 ಟಿಬಿ, ಇನ್ನೊಂದು 1 ಟಿಬಿ ಸುಮ್ನೆ ಬಿದ್ದಿರುತ್ತದೆ. ಬೇರೆ ಬೇರೆ ಅಳತೆಯ ಡಿಸ್ಕಿಗೆ ಸ್ನ್ಯಾಪ್‌ರೈಡ್ ಅನ್ನೋ ಪ್ರೋಗ್ರಾಂ ಒಳ್ಳೇದು. ಅದು ಒಂದೊಂದು ಡಿಸ್ಕನ್ನೂ ಅದರ ಪಾಡಿಗೆ ಬಿಟ್ಟು ಪ್ಯಾರಿಟಿಯನ್ನು ಬೇರೆ ಡಿಸ್ಕಿನಲ್ಲಿ ಬರೆಯುತ್ತದೆ. ಆದರೆ ಪ್ಯಾರಿಟಿ ಡಿಸ್ಕು ಎಲ್ಲಕ್ಕಿಂತ ದೊಡ್ಡ ಡಿಸ್ಕಿನಷ್ಟಾದರೂ ಇರಬೇಕು. ನನ್ನ ಹತ್ತಿರ ಅಷ್ಟು ದೊಡ್ಡದು ಇರೋದು ಆ ಯುಎಸ್‌ಬಿ ಡಿಸ್ಕು ಮಾತ್ರ. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಸಾಕೆಟ್ಟೇ ಡಿಸ್ಕಿನ ಬೋರ್ಡಿಗೆ ಬೆಸುಗೆ ಹಾಕಿರುತ್ತದೆ. ಚಿಪ್ಪು ಒಡೆದು ನೋಡಿದೆ, ನನ್ನದೂ ಹಾಗೇ. ಸಾಟಾ ಕೇಬಲ್ ಹಾಕೋಕೆ ಜಾಗವೇ ಇಲ್ಲ. ಟೇಪ್ ಸುತ್ತಿ ಮತ್ತೆ ಮುಚ್ಚಿದೆ.

ಇಷ್ಟಾದರೂ ನಾನು ಹಟ ಬಿಟ್ಟಿರಲಿಲ್ಲ. ಬಿಡಿಸಿದ್ದು ತುಂಗಭದ್ರಾ ಡ್ಯಾಂ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರದ ನಮ್ಮ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಗಿದ್ದು ನಮ್ಮ ಸೀಮೆಯಲ್ಲಿ ಯಾರಿಗೆ ನೆನಪಿಲ್ಲ? 33 ಗೇಟು. ಏಳು ದಶಕ ಎತ್ತಿ ಇಳಿಸಿ ಮಾಡಿದ್ದು. ಒಂದು ಸರಪಳಿ ಹೋಯಿತು, ತುಂಬಿದ ಡ್ಯಾಮಿನ ನೀರನ್ನು ನದಿಗೆ ಬಿಡಬೇಕಾಯಿತು, ಎರಡನೇ ಬೆಳೆ ಹೋಯಿತಲ್ಲಪ್ಪ ಅಂತ ಊರೂರಲ್ಲಿ ರೈತರು ತಲೆ ಮೇಲೆ ಕೈಹೊತ್ತು ಕೂತರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಒಂದೇ ವಾರದಲ್ಲಿ ಮುಚ್ಚಿದಾಗ ಇಡೀ ಜಿಲ್ಲೆ ಉಸಿರು ಬಿಟ್ಟಿತು. ನನಗೆ ತಲೆಯಲ್ಲಿ ಉಳಿದದ್ದು ಒಂದೇ, ಉಳಿದ 32 ಗೇಟು ಗಟ್ಟಿ ಇದ್ದರೂ 19ರ ನೀರು ನಿಲ್ಲಲಿಲ್ಲ. ಬೇರೆ ಕಡೆ ಇನ್ನೊಂದು ಕೆರೆಯಲ್ಲಿ ನೀರಿದ್ದರೆ ಅದು ಬೇರೆ ಮಾತು.

ಡಿಸ್ಕಿನದೂ ಅದೇ ಕಥೆ. ಮುನ್ಸೂಚನೆ ಕೊಟ್ಟೇ ಹೋಗುತ್ತದೆ ಅಂತ ನಂಬೋ ಹಾಗಿಲ್ಲ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕುಗಳ ಮೇಲೆ ಒಂದು ಅಧ್ಯಯನ ಹೊರತಂದರು. ಕೆಟ್ಟುಹೋದ ಡಿಸ್ಕುಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚಿನವುಗಳಲ್ಲಿ, ಸ್ಮಾರ್ಟ್‌ನ ನಾಲ್ಕು ಮುಖ್ಯ ಸೂಚನೆಗಳ ಪೈಕಿ ಒಂದೂ ಕಂಡಿರಲಿಲ್ಲ. ಅಂದರೆ ನಾನು ಅಷ್ಟು ಪ್ರೀತಿಯಿಂದ ಓದಿದ ಜಾತಕ, ಕೆಟ್ಟದ್ದನ್ನು ಹೇಳಿದಾಗ ನಂಬಬೇಕು, ಒಳ್ಳೇದನ್ನು ಹೇಳಿದಾಗ ನಂಬಬಾರದು. ಇನ್ನು ರೈಡ್ ಎಷ್ಟೇ ಚೆನ್ನಾಗಿರಲಿ, ಅಣ್ಣ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಅದೇ ಕ್ಷಣ ಎಲ್ಲ ಡಿಸ್ಕಿನಿಂದಲೂ ಹೋಗುತ್ತದೆ. ಡಿಸ್ಕ್ ಸತ್ತರೂ ಕೆಲಸ ನಿಲ್ಲಬಾರದು ಅನ್ನುವವರಿಗೆ ರೈಡ್ ಬೇಕು. ನನ್ನ ಅಂಗಡಿಯ ಸರ್ವರ್ ಎರಡು ದಿನ ನಿಂತರೆ ಯಾರ ಗಂಟೂ ಹೋಗಲ್ಲ. ನನಗೆ ಬೇಕಿರೋದು ಇನ್ನೊಂದು ಪ್ರತಿ, ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ.

ಆಮೇಲೆ ಅಣ್ಣ ಒಂದು ಪ್ರಶ್ನೆ ಕೇಳಿದ, ಮೊದಲ ದಿನವೇ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆ. "ಐದು ಟಿಬಿ ಒಳಗ ಏನು ಇಡ್ತೀ?"

ಉತ್ತರ ಗೊತ್ತಿರಲಿಲ್ಲ. ಎಲ್ಲ ಡಿಸ್ಕಿನ ಫೈಲುಗಳನ್ನು ಒಂದು ಕಡೆ ಸುರಿದು, ಪ್ರತಿ ಫೈಲಿನ ಹ್ಯಾಶ್ (ಒಳಗಿರೋದರಿಂದಲೇ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು) ತೆಗೆದು, ಒಂದೇ ತರದ್ದನ್ನು ಹುಡುಕಿದೆ. ಒಂದೊಂದು ಲಗ್ನಪತ್ರಿಕೆಯೂ ನಾಲ್ಕೈದು ಕಡೆ. "ಫೈನಲ್", "ಫೈನಲ್ 2", "ಬೀಗರು ಹೇಳಿದ ಮೇಲೆ ಫೈನಲ್". ಕಂಪ್ಯೂಟರ್ ಬದಲಾದಾಗೆಲ್ಲ ಹಳೇದನ್ನು ಪೂರ್ತಿ ಎತ್ತಿ ಹೊಸದರಲ್ಲಿ ಹಾಕಿದ್ದೆವು, ಹಾಗಾಗಿ ಡಬ್ಬಿಯೊಳಗೆ ಡಬ್ಬಿ. ಒಂದು ಮಜಾ ಅಂದರೆ ಫೋಲ್ಡರಿನ ಹೆಸರಿನಲ್ಲೇ ಅದರ ಕಾಲ ತಿಳಿಯುತ್ತಿತ್ತು. ಇಂಗ್ಲಿಷಿನಲ್ಲಿ "ಬೆಲ್ಲಾರಿ" ಅಂತ ಇದ್ದರೆ 2014ರ ನವೆಂಬರ್ 1ಕ್ಕಿಂತ ಹಿಂದಿನದು, "ಬಳ್ಳಾರಿ" ಅಂತ ಇದ್ದರೆ ಆಮೇಲಿನದು. ಸರ್ಕಾರ ಹೆಸರು ಬದಲಾಯಿಸಿದ್ದನ್ನು ಅಣ್ಣ ಅಷ್ಟು ನಿಷ್ಠೆಯಿಂದ ಪಾಲಿಸಿದ್ದಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ನಕಲು, ಸಿನಿಮಾ, ಯಾವತ್ತೋ ಇಳಿಸಿದ ಸಾಫ್ಟ್‌ವೇರ್, ಎಲ್ಲ ತೆಗೆದ ಮೇಲೆ ಉಳಿದದ್ದು 186 ಜಿಬಿ. ಪತ್ರಿಕೆಗಳು, ಜಾತ್ರೆ ಪೋಸ್ಟರುಗಳು, ಗೃಹಪ್ರವೇಶ, ಶ್ರದ್ಧಾಂಜಲಿ ಕಾರ್ಡು, ನಮ್ಮ ಮನೆಯ ಫೋಟೋ. ಎರಡು ವಾರ ಐದು ಟಿಬಿಗೆ ಬಡಿದಾಡಿದ್ದು 186 ಜಿಬಿಗೆ! ಇದನ್ನು ಮೂರು ಕಡೆ ಇಟ್ಟರೂ 558 ಜಿಬಿ. ಕೆಲವರು ಆನ್‌ಲೈನಿನಲ್ಲಿ ಇಡಬಹುದಲ್ಲ ಅಂತ ಕೇಳುತ್ತಾರೆ. ಗೂಗಲ್‌ನಲ್ಲಿ ಪುಕ್ಕಟೆ ಸಿಗೋದು 15 ಜಿಬಿ, ಅವರ ಮಿತಿಯಿಲ್ಲದ ಪುಕ್ಕಟೆ ಫೋಟೋ ಜಾಗ 2021ರ ಜೂನ್ 1ಕ್ಕೇ ಮುಗಿಯಿತು. ದುಡ್ಡು ಕೊಟ್ಟು ಇಡೋದು ತಪ್ಪಲ್ಲ, ಆದರೆ ತಿಂಗಳು ತಿಂಗಳು ಕಟ್ಟೋದನ್ನು ನಮ್ಮಣ್ಣ ಒಂದು ದಿನ ಮರೆಯುತ್ತಾನೆ ಅನ್ನೋದು ನನಗೆ ಡಿಸ್ಕ್ ಸಾಯುತ್ತದೆ ಅನ್ನೋದಕ್ಕಿಂತ ಖಾತ್ರಿ.

ಇಲ್ಲಿ ಕುರುಗೋಡಿನ ಹಿರಿಯರಿಗೆ ವಾಪಸ್ ಬರಬೇಕು. 2008ರ ಫೈಲ್ ಇದ್ದದ್ದು ಆ 80 ಜಿಬಿ ಮುದಿಯಪ್ಪನಲ್ಲಿ. ಐಡಿಇಯಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಹುಡುಕಿ, ಹಿಂಬದಿಯ ಜಂಪರ್ ಪಿನ್ನನ್ನು ಮಾಸ್ಟರ್ ಕಡೆ ಹಾಕಿ, ಉಸಿರು ಬಿಗಿಹಿಡಿದು ಸ್ವಿಚ್ ಹಾಕಿದೆ. ಕುಂಯ್ ಅಂತ ಶುರುವಾಗಿ ತಿರುಗಿತು. ಫೈಲ್ ಸಿಕ್ಕಿತು. ಪೇಜ್‌ಮೇಕರ್ ಫೈಲು. ಆ ಸಾಫ್ಟ್‌ವೇರಿನ ಕೊನೇ ಆವೃತ್ತಿ ಬಂದಿದ್ದೇ 2001ರಲ್ಲಿ, ಆದರೂ ಅಂಗಡಿಯ ಒಂದು ಹಳೇ ಕಂಪ್ಯೂಟರಿನಲ್ಲಿ ಇನ್ನೂ ಇದೆ. ತೆರೆದೆ. ಗಣಪತಿ ಸರಿಯಾಗಿ ಬಂದ. ಕೆಳಗೆ ಅಕ್ಷರ ಮಾತ್ರ ಒಂದೂ ಕನ್ನಡವಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಟೊಪ್ಪಿಗೆ ಹಾಕಿ ನಿಲ್ಲಿಸಿದಂತೆ, "ನ" ಬರಬೇಕಾದಲ್ಲೆಲ್ಲ ಪೌಂಡ್ ದುಡ್ಡಿನ ಗುರುತು. ಹೆಣ್ಣಿನ ಹೆಸರಿನಲ್ಲೂ ಪೌಂಡು, ಗಂಡಿನ ಹೆಸರಿನಲ್ಲೂ ಪೌಂಡು.

ಡಿಟಿಪಿ ಕೆಲಸ ಮಾಡಿದವರಿಗೆ ಇದು ಗೊತ್ತು. ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹ ಮುಂತಾದವುಗಳಲ್ಲಿ ಟೈಪ್ ಮಾಡಿದ ಕನ್ನಡ ನಿಜವಾಗಿ ಇಂಗ್ಲಿಷ್ ಸಂಕೇತಗಳ ಮೇಲೆ ಹೊದಿಸಿದ ಕನ್ನಡದ ಹೊದಿಕೆ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. ಫೈಲ್ ಒಂದು ಬಿಟ್ ಕೂಡ ಹಾಳಾಗದೆ ಹದಿನೈದು ವರ್ಷ ಉಳಿದಿದೆ, ಆದರೆ ಓದೋಕೆ ಬರಲ್ಲ. ನಾನು ಸೆಕ್ಟರ್ ಎಣಿಸುತ್ತಾ ಕೂತಿದ್ದೆ, ಫಾಂಟಿನ ಕಡೆ ಲಕ್ಷ್ಯವೇ ಇರಲಿಲ್ಲ. ಪುಣ್ಯಕ್ಕೆ ಅದೇ 80 ಜಿಬಿಯ ವಿಂಡೋಸ್ ಫೋಲ್ಡರಿನೊಳಗೆ ಆ ಕಾಲದ ಫಾಂಟುಗಳೂ ಇದ್ದವು. ಎತ್ತಿ ಹಾಕಿದೆ. ಪೌಂಡುಗಳೆಲ್ಲ ಮಾಯವಾಗಿ "ಸುಖಾಗಮನ ಬಯಸುವವರು" ಬಂತು.

ಹಿರಿಯರು ಪರದೆಯ ಹತ್ತಿರ ಕುರ್ಚಿ ಎಳೆದುಕೊಂಡರು. ಸುಖಾಗಮನದ ಪಟ್ಟಿಯಲ್ಲಿ 14 ಹೆಸರು. ಬೆರಳಿಟ್ಟು ಒಂದೊಂದೇ ಓದಿದರು. "ಇವ್ರಿಲ್ಲ. ತೆಗೀರಿ. ಇವ್ರೂ ಇಲ್ಲ. ಇದು ನಮ್ಮಣ್ಣಂದು, ಅವ್ನ ಮಗನ ಹೆಸ್ರು ಹಾಕ್ರಿ." ನಾಲ್ಕು ಹೆಸರು ಹೋದವು. ಸೇವ್ ಮಾಡೋಕೆ ಹೋದಾಗ ಕೇಳಿದರು, "ಹಳೇದು ಅಳಿಸಿ ಹೋಗ್ತದೇನ್ರಿ?" ಇಲ್ಲ, ಬೇರೆ ಹೆಸರಿನಲ್ಲಿ ಇಡುತ್ತೇನೆ ಅಂದೆ. "ಹಂಗೇ ಮಾಡ್ರಿ. ಅದು ಇರ್ಲಿ."

ಅವತ್ತೇ ಪ್ಲಾನಿನ ಕಾಗದ ಹರಿದು ಹೊಸದು ಬರೆದೆ. ಮೊದಲ ಸಾಲು ಡಿಸ್ಕಿನದಲ್ಲ. ಫಾಂಟುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಡಬೇಕು, ಪ್ರತಿ ಪತ್ರಿಕೆಗೂ ಒಂದು ಪಿಡಿಎಫ್ ತೆಗೆದಿಡಬೇಕು. ಪಿಡಿಎಫ್‌ನೊಳಗೆ ಫಾಂಟನ್ನೂ ಸೇರಿಸಿಬಿಟ್ಟರೆ ಆಮೇಲೆ ಪೌಂಡಿನ ಕಾಟ ಇರಲ್ಲ. ಅಣ್ಣ ದಿನಕ್ಕೆ 20 ಮಾಡುತ್ತೇನೆ ಅಂದಿದ್ದಾನೆ. ಮಾಡೋದು 6.

ಡಿಸ್ಕುಗಳದು ಸರಳ. ಡಿವಿಆರ್‌ನಿಂದ ಬಂದ 1 ಟಿಬಿಯೇ ಮುಖ್ಯ ಮನೆ. 500 ಜಿಬಿ ಅದರ ಪಕ್ಕದಲ್ಲೇ, ದಿನಾ ರಾತ್ರಿ ಆರ್‌ಸಿಂಕ್ ಅನ್ನೋ ಪ್ರೋಗ್ರಾಂ ಮೂಲಕ ಹೊಸದಾಗಿ ಬಂದಿದ್ದು, ಬದಲಾದದ್ದು ಅಷ್ಟೇ ಅದಕ್ಕೆ ನಕಲಾಗುತ್ತದೆ. ಅಳಿಸಿದ್ದನ್ನು ಕೂಡಲೇ ಅಳಿಸಲ್ಲ, 30 ದಿನ ಬೇರೆ ಫೋಲ್ಡರಿನಲ್ಲಿ ಇಟ್ಟಿರುತ್ತದೆ. 16 ಸೆಕ್ಟರ್ ಅನುಮಾನದ 2012ರ ಡಿಸ್ಕಿನಲ್ಲಿ ಸಿನಿಮಾ, ಮಕ್ಕಳ ಕಾರ್ಟೂನ್, ಹೋದರೆ ಹೋಗಲಿ ಅನ್ನುವಂಥದ್ದು. 80 ಜಿಬಿಗೆ ನಿವೃತ್ತಿ. ಝಡ್‌ಎಫ್‌ಎಸ್ ಅನ್ನೋ, ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿಯ ಬಗ್ಗೆ ತುಂಬ ಓದಿದೆ, ಅದು ಪ್ರತಿ ತುಂಡಿಗೂ ಚೆಕ್‌ಸಮ್ ಅನ್ನೋ ತಾಳೆ ಸಂಖ್ಯೆ ಇಟ್ಟು ಸದ್ದಿಲ್ಲದೆ ಹಾಳಾದದ್ದನ್ನೂ ಹಿಡಿಯುತ್ತದೆ, ಚೆನ್ನಾಗಿದೆ, ಆದರೆ ನಾನಿಲ್ಲದ ದಿನ ಅಣ್ಣ ಅದನ್ನು ತೆರೆಯಬಲ್ಲನೇ? ಸಾಮಾನ್ಯ ಇಎಕ್ಸ್‌ಟಿ4 ಸಾಕು ಅಂದುಕೊಂಡೆ. ವಾರಕ್ಕೊಮ್ಮೆ ಕಂಪ್ಯೂಟರೇ ಫೈಲುಗಳನ್ನು ಹ್ಯಾಶ್ ಪಟ್ಟಿಯ ಜೊತೆ ಹೋಲಿಸಿ ನೋಡುತ್ತದೆ.

ಇದಕ್ಕೆಲ್ಲ ಒಂದು ಹಳೇ ಐ3 ಕಂಪ್ಯೂಟರ್. ಬೋರ್ಡಿನಲ್ಲಿ ನಾಲ್ಕು ಸಾಟಾ ಜಾಗ, 4 ಜಿಬಿ ರ‍್ಯಾಮ್. ಡೆಬಿಯನ್ ಲಿನಕ್ಸ್ ಮೇಲೆ ನಿಂತಿರುವ, ಸ್ಟೋರೇಜ್ ಸರ್ವರಿಗೆ ಅಂತಲೇ ಮಾಡಿದ ಓಪನ್‌ಮೀಡಿಯಾವಾಲ್ಟ್ ಹಾಕಿದೆ. ಫೋನಿನ ಬ್ರೌಸರಿನಲ್ಲೇ ಎಲ್ಲ ನಡೆಸಬಹುದು, ವಿಂಡೋಸ್ ಕಂಪ್ಯೂಟರಿಗೆ ಸಾಂಬಾ ಅನ್ನೋ ಪ್ರೋಗ್ರಾಂ ಮೂಲಕ ಒಂದು ಡ್ರೈವಿನಂತೆ ಕಾಣುತ್ತದೆ. ಇದರಲ್ಲಿ ಹೇಳುವಂಥ ಕಷ್ಟ ಏನೂ ಇರಲಿಲ್ಲ.

ಕಷ್ಟ ಇದ್ದದ್ದು ಜಾಗದ್ದು. ಆರ್‌ಸಿಸಿ ಚಾವಣಿಯ ಕೆಳಗಿನ ಅಟ್ಟ ಮೇ ತಿಂಗಳಲ್ಲಿ ರೊಟ್ಟಿ ಹಂಚು. ಹೊರಗೆ 42 ಡಿಗ್ರಿ ಇದ್ದರೆ ಒಳಗಿನ ಡಿಸ್ಕು 55 ದಾಟಿಬಿಡುತ್ತದೆ. ಹೆಚ್ಚಿನ ಮನೆ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿಯೇ 60. ಹಿಂದಿನ ಕೋಣೆ ಇನ್ನೂ ಅಜ್ಜನ ಕಾಲದ ಮಾಳಿಗೆ, ಮಣ್ಣಿನ ಚಾವಣಿ, ಒಳಗೆ ತಂಪು. ಅಲ್ಲಿನ ಕಡಪಾ ಕಲ್ಲಿನ ಗೂಡಿನ ಕೆಳಗಿನ ಹಲಗೆಯಲ್ಲಿ ಅಕ್ಕಿ ಡಬ್ಬಿ ಸರಿಸಿ ಕಂಪ್ಯೂಟರ್ ಕೂರಿಸಿದೆ. ಮಾಳಿಗೆಯಿಂದ ಮಣ್ಣು ಉದುರುತ್ತದೆ, ಅದಕ್ಕೆ ಮುಂದಿನ ಫ್ಯಾನಿಗೆ ಅತ್ತಿಗೆಯ ಹಳೇ ನೈಲಾನ್ ಸೀರೆಯ ತುಂಡು ಕಟ್ಟಿದ್ದೇನೆ. ಡಿಸ್ಕಿನ ಮೇಲೊಂದು ಸಣ್ಣ ತೂತು ಇರುತ್ತದೆ, ಮುಚ್ಚಬೇಡಿ ಅಂತ ಅದರ ಪಕ್ಕದಲ್ಲೇ ಬರೆದಿರುತ್ತದೆ. ಅದು ಅದರ ಮೂಗು, ಟೇಪ್ ಹಚ್ಚಬೇಡಿ.

ಕರೆಂಟಿನ ಲೆಕ್ಕ ಅತ್ತಿಗೆಯದು. 40 ವ್ಯಾಟ್ ಅಂದುಕೊಂಡರೆ ದಿನಕ್ಕೆ ಸುಮಾರು ಒಂದು ಯೂನಿಟ್, ತಿಂಗಳಿಗೆ 29. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಬಿಲ್ಲು ಪೂರ್ತಿ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರ್ ಹಾಕಿದಾಗ ನಾವು ದಡದಲ್ಲೇ ಇರುತ್ತೇವೆ. "ನಿನ್ನ ಪತ್ರಿಕೆ ಪೆಟ್ಟಿಗೆಗೆ ನಾವು ಬಿಲ್ಲು ಕಟ್ಟಬೇಕೇನು?" ಅಂದರು. ಅದಕ್ಕೆ ಸಂಜೆ ಏಳಕ್ಕೆ ತಾನೇ ಏಳುತ್ತದೆ, ಹನ್ನೊಂದಕ್ಕೆ ತಾನೇ ಮಲಗುತ್ತದೆ. ತಿಂಗಳಿಗೆ ಐದು ಯೂನಿಟ್ ಕೂಡ ಆಗಲ್ಲ.

ಉಳಿದದ್ದು ಬೇರೆ ಊರಿನ ಪ್ರತಿ. ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಜನಪ್ರಿಯ ಮಾಡಿದ ಒಂದು ಸೂತ್ರ ಇದೆ, 3-2-1 ಅಂತ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಮನೆಯಿಂದ ಹೊರಗೆ. ನನ್ನದು ಎಲ್ಲವೂ ಹಾರ್ಡ್ ಡಿಸ್ಕೇ, ಆ ಎರಡನೇ ಮಾತು ನಡೆಸಿಲ್ಲ. ಮೂರನೇದು ಮಾತ್ರ ಬಿಡಬಾರದು ಅನ್ನಿಸಿತು. 2 ಟಿಬಿ ಯುಎಸ್‌ಬಿ ಡಿಸ್ಕನ್ನು ವಿಂಡೋಸಿನ ಎನ್‌ಟಿಎಫ್‌ಎಸ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿ, ಯಾವ ಕಂಪ್ಯೂಟರಿಗೆ ಚುಚ್ಚಿದರೂ ತೆರೆಯುವ ಹಾಗೆ ಎಲ್ಲ ತುಂಬಿದೆ. ಫಾಂಟ್ ಫೋಲ್ಡರ್ ಎಲ್ಲಕ್ಕಿಂತ ಮೇಲೆ. ಕೊಡೋದು ಸಿಂಧನೂರಿನ ತಂಗಿಗೆ. ಯುಗಾದಿಗೆ ವಾಪಸ್ ತರುತ್ತಾಳೆ, ಹೊಸದನ್ನು ಸೇರಿಸಿ ಕೊಡುತ್ತೇನೆ, ಮತ್ತೆ ಪಂಚಮಿಗೆ. ನೆನಪಿಡೋಕೆ ಕ್ಯಾಲೆಂಡರ್ ಬೇಡ, ತವರಿಗೆ ಬರೋದನ್ನು ಅವಳು ಮರೆಯಲ್ಲ.

ಈ ಪಂಚಮಿಗೆ ಬಂದಾಗ ಕೊಟ್ಟೆ. ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿ ಶೇಂಗಾ ಉಂಡಿ ಡಬ್ಬಿ ಮತ್ತು ಎಳ್ಳುಂಡಿ ಡಬ್ಬಿಯ ನಡುವೆ ಇಟ್ಟಳು. ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದಿದ್ದೆ. ಸಿರುಗುಪ್ಪ ದಾರಿಯಲ್ಲಿ ಬಸ್ಸು ಹೇಗೆ ಕುಣಿಸುತ್ತದೆ ಅಂತ ಗೊತ್ತು, ಆದರೆ ಆಫ್ ಆಗಿದ್ದಾಗ ಹೆಡ್ಡು ಪಕ್ಕಕ್ಕೆ ಸರಿದು ನಿಂತಿರುತ್ತದೆ, ತಡೆಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಳು. "ಅಣ್ಣ, ಮುಟ್ಟಿದ್ವಿ. ನಿನ್ನ ಡಬ್ಬಿ ಮ್ಯಾಲಿನ ಗೂಡಿನಾಗೆ ಇಟ್ಟೀನಿ, ಹುಡುಗರ ಕೈಗೆ ಸಿಗಲ್ಲ. ಸ್ವಲ್ಪ ಉಂಡಿ ಬೆಲ್ಲ ಹತ್ತಿತ್ತು, ಒದ್ದೆ ಬಟ್ಟೆಲೆ ಒರಸೀನಿ."

"ಒದ್ದೆ ಬಟ್ಟೆಲೇನಾ?"

"ಹಿಂಡಿದ್ದೆ ಬಿಡು. ಅಲ್ಲ, ಇದಕ್ಕ ದಿನಾ ಚಾರ್ಜ್ ಹಾಕಬೇಕೇನು?"